ನೆರಳು ಹಚ್ಚಲು ಹೆದರಬೇಡಿ
ಮದುವೆಯಾದ ಮೇಲೆ ಪೆನ್ಸಿಲ್ ಹಿಡಿದದ್ದು ಮಕ್ಕಳ ಹೋಂವರ್ಕಿಗೆ ಮಾತ್ರ. ಹನ್ನೆರಡು ವರ್ಷದ ನಂತರ ಚಿತ್ರಕಲೆ ಕ್ಲಾಸಿಗೆ ಸೇರಿದೆ. ಬಿಡಿಸಿದ ಮೊಟ್ಟೆ ನೋಡಿ ಮಗಳು, 'ಅಮ್ಮಾ, ಇದು ಸೊನ್ನೆ' ಅಂದಳು! 'ಕಪ್ಪು ಹಚ್ಚೋಕೆ ಹೆದರ್ತೀರಿ, ಅದಕ್ಕೇ ಚಪ್ಪಟೆ' ಅಂದರು ಮೇಷ್ಟ್ರು. ನಿಜ, ಹಾಳೆ ಕೆಟ್ಟೀತೆಂಬ ಭಯ ನನಗೆ.

ನೀವೂ ಪ್ರಯತ್ನಿಸಿ. ಬಿಳಿ ಹಾಳೆಯ ಮೇಲೆ ಮೊಟ್ಟೆಯನ್ನೋ ನಿಂಬೆಹಣ್ಣನ್ನೋ ಇಡಿ. ಬೆಳಕು ಒಂದೇ ಕಿಟಕಿಯಿಂದ ಬರಲಿ. ಕಣ್ಣು ಕಿರಿದು ಮಾಡಿ ನೋಡಿದರೆ ಬೆಳಕು, ನೆರಳು ಸ್ಪಷ್ಟವಾಗಿ ಕಾಣುತ್ತವೆ. ಹೊಳೆಯುವ ಜಾಗ ಖಾಲಿ ಬಿಡಿ. ಎಚ್‌ಬಿ ಪೆನ್ಸಿಲಿನಿಂದ ತೆಳುವಾಗಿ ಶುರುಮಾಡಿ, ಗಾಢ ನೆರಳಿಗೆ 4ಬಿ ಬಳಸಿ. ಮೊಟ್ಟೆ ಹಾಳೆಗೆ ತಾಗುವಲ್ಲಿ ನೆರಳು ಅತಿ ಕಪ್ಪು. ಬೆರಳಿನಿಂದ ಉಜ್ಜಬೇಡಿ, ಕೊಳೆಯಾದಂತೆ ಕಾಣುತ್ತದೆ.

ಮೊನ್ನೆ ಮಗಳು ಹೊಸ ಚಿತ್ರ ನೋಡಿ, 'ಆಮ್ಲೆಟ್ ಮಾಡಿಕೊಡಮ್ಮಾ' ಅಂದಳು. ಇದಕ್ಕಿಂತ ಮೆಚ್ಚುಗೆ ಬೇಕೆ?