ನಿಮಗಿದು ಗೊತ್ತೆ? ಹೊಗೆಯ ವಾಸನೆಯೇ ಸುಳಿವು
ಹಾನಗಲ್ಲಿನ ಭತ್ತದ ಗದ್ದೆಯಿರಲಿ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಗೋವಿನಜೋಳದ ಹೊಲವಿರಲಿ, ಹೊಸ ಹೆಡ್ ಗ್ಯಾಸ್ಕೆಟ್ ಹಾಕಿಸಿದ ಟ್ರ್ಯಾಕ್ಟರ್ ಬಿಳಿ ಹೊಗೆ ಬಿಟ್ಟರೆ ತಕ್ಷಣ ಗಾಬರಿ ಬೇಡ. ಸೈಲೆನ್ಸರಿನಲ್ಲಿ ಉಳಿದ ನೀರು ಆವಿಯಾಗುವವರೆಗೆ ಅದು ಸಹಜ. ಎಂಜಿನ್ ಚೆನ್ನಾಗಿ ಕಾದ ಮೇಲೂ ನಿಲ್ಲದಿದ್ದರೆ ವಾಸನೆ ಗಮನಿಸಿ. ಕಣ್ಣುರಿಸುವ ಘಾಟಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಸಿಹಿ ವಾಸನೆಯ ಜೊತೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಕೂಲಂಟ್ ಸಿಲಿಂಡರಿಗೆ ಸೋರುತ್ತಿರಬಹುದು. ಹೆಡ್ ಸೊಟ್ಟಗಾಗಿದೆಯೇ ಎಂದು ನೋಡಿಸದೆ ಇನ್ನೊಂದು ಗ್ಯಾಸ್ಕೆಟ್ ಹಾಕಿಸಿದರೆ ದುಡ್ಡು ದಂಡ. ನೀಲಿ ಹೊಗೆ ಆಯಿಲ್ ಸುಡುವ ಗುರುತು.

ನಿಂತಲ್ಲೇ ಎಂಜಿನ್ ಕುಲುಕುತ್ತಿದೆಯೇ? ಮತ್ತೆ ಹೆಡ್ ಬಿಚ್ಚುವ ಮುನ್ನ ಡೀಸೆಲ್ ಲೈನಿನ ಗಾಳಿ ತೆಗೆಸಿ, ಟ್ಯಾಪೆಟ್ ಸಂದು ನೋಡಿಸಿ. ಅನುಭವಿ ಮೆಕ್ಯಾನಿಕ್ ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಕಿವಿಗೊಡುತ್ತಾನೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರೇ ಕೆಲಸಗಳ್ಳ!