ವಾಸಿಯಾಗದ ಮಚ್ಚೆಗೆ ಬಯಾಪ್ಸಿ ಏಕೆ?

ಕ್ಷಯ ಅಪರೂಪಕ್ಕೆ ಚರ್ಮಕ್ಕೂ ಬರುತ್ತದೆ. ನೋವಿಲ್ಲದೆ ತಿಂಗಳುಗಟ್ಟಲೆ ಹರಡುವ ಕೆಂಗಂದು ಮಚ್ಚೆಗೆ ಹುಳುಕಡ್ಡಿ ಮುಲಾಮು ಹಚ್ಚುತ್ತಾ ಕೂರಬೇಡಿ. ವೈದ್ಯರು ಆ ಜಾಗಕ್ಕೆ ಮರಗಟ್ಟುವ ಸೂಜಿ ಕೊಟ್ಟು, ಕೆಲವೇ ಮಿಲಿಮೀಟರ್ ಚರ್ಮ ತೆಗೆಯುತ್ತಾರೆ. ಬಯಾಪ್ಸಿ ಎಂದೊಡನೆ ಕ್ಯಾನ್ಸರ್ ಎಂದು ಹೆದರುವವರೇ ಹೆಚ್ಚು; ಹಾಗೇನಿಲ್ಲ.

ಸೂಕ್ಷ್ಮದರ್ಶಕದಲ್ಲಿ ಗ್ರಾನ್ಯುಲೋಮ ಎಂಬ ಕೋಶಗಳ ಗುಂಪು ಕಂಡರೆ ಕ್ಷಯದ ಅನುಮಾನ. ಆದರೆ ಕುಷ್ಠದಲ್ಲೂ ಇಂಥದ್ದು ಕಾಣುತ್ತದೆ. ಚರ್ಮದಲ್ಲಿ ರೋಗಾಣು ಬಹಳ ವಿರಳವಾಗಿರುವುದರಿಂದ ಬಣ್ಣ ಹಾಕಿ ಹುಡುಕಿದರೂ ಅನೇಕ ಸಲ ಸಿಗದು. ಸಿಗಲಿಲ್ಲವೆಂದರೆ ರೋಗವಿಲ್ಲ ಎಂದಲ್ಲ.

ಹಾಗಾಗಿ ಒಂದು ತುಣುಕು ಫಾರ್ಮಲಿನ್‌ನಲ್ಲಿ, ಇನ್ನೊಂದು ಸಲೈನ್‌ನಲ್ಲಿ ಹೋಗಬೇಕು. ಫಾರ್ಮಲಿನ್ ರೋಗಾಣುವನ್ನು ಕೊಲ್ಲುತ್ತದೆ. ಸತ್ತದ್ದು ಕಲ್ಚರ್‌ನಲ್ಲಿ ಬೆಳೆಯದು. ತುಣುಕು ತೆಗೆಯುವ ಮೊದಲೇ ವೈದ್ಯರಲ್ಲಿ ಇದನ್ನು ಕೇಳಿ. ಕಲ್ಚರ್ ವರದಿಗೆ 6ರಿಂದ 8 ವಾರ ಹಿಡಿಯಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಮಾತ್ರೆಗಳು ಉಚಿತ. ಸಾಮಾನ್ಯವಾಗಿ 6 ತಿಂಗಳು.