ಮೋಟಾರಿನ ಮೂಗು ಬದಲಿಸಹೊರಟವರಿಗೆ

ಕಾರು ಎಂಬುದು ಧಣಿಗಳ ಸೊತ್ತು, ನಮಗೆ ಲೋಕಲ್ ಗಾಡಿಯೇ ಗತಿ ಎಂದು ನಮ್ಮವರು ಹೇಳುತ್ತಿದ್ದ ಕಾಲವೊಂದಿತ್ತು. ಇಂದು ಆ ಮಾತು ಪೂರ್ಣವಾಗಿ ಸಲ್ಲದು. ಹೋಟೆಲಿನ ಗಲ್ಲೆಯಲ್ಲಿ ಕುಳಿತವರು, ಕಚೇರಿಗಳಲ್ಲಿ ಗುಮಾಸ್ತರಾದವರು ಹತ್ತು ಹನ್ನೆರಡು ವರ್ಷ ದುಡಿದು ಉಳಿಸಿದ ಹಣದಲ್ಲಿ ಹಳೆಯ ಕಾರೊಂದನ್ನು ಕೊಂಡು, ಚೌತಿಗೋ ಅಷ್ಟಮಿಗೋ ಮಕ್ಕಳು ಮರಿಗಳೊಡನೆ ಊರಿಗೆ ಹೋಗಿಬರುವುದನ್ನು ಕಾಣುತ್ತಿದ್ದೇವೆ. ಸಂತೋಷದ ಸಂಗತಿಯೇ ಸರಿ. ಆದರೆ ಕೊಂಡ ಕಾರನ್ನು ಇದ್ದಂತೆ ಇರಗೊಡದೆ, ಅದಕ್ಕೆ ಹೊರಗಿನ ಸಾಮಾನುಗಳನ್ನು ಜೋಡಿಸಿ ‘ಜೋರು’ ಮಾಡಬೇಕೆಂಬ ಚಪಲವೂ ಅದರೊಡನೆ ಬಂದಿದೆ. ಆ ಚಪಲದ ಒಂದು ಬಗೆಯನ್ನು ಕುರಿತು ಇಂದು ನಾಲ್ಕು ಮಾತು ಬರೆಯುತ್ತೇವೆ.

ಇದಕ್ಕೆ ಕಾರಣನಾದವನು ಕುಂದಾಪುರದ ಕಡೆಯ ಒಬ್ಬ ತರುಣ. ನಾವು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಮಾಣಿಯಾಗಿ ಬಂದು, ರಾತ್ರಿಶಾಲೆಯಲ್ಲಿ ಓದಿ, ಈಗ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದಾನೆ. ಕಳೆದ ವರ್ಷ ಚೌತಿಗೆ ಒಂದು ತಿಂಗಳಿರುವಾಗ ನಮ್ಮಲ್ಲಿಗೆ ಬಂದು, “ಧಣಿಗಳೇ, ಕಂಪನಿಯವರು ಕೊಟ್ಟ ಡಬ್ಬಿಯಲ್ಲಿ ಇಂಜಿನಿಗೆ ಉಸಿರೇ ಸಾಲದಂತೆ. ಹೊರಗಿನ ಕೊಳವೆ ಹಾಕಿಸಿದರೆ ಕಶೇಡಿ ಘಾಟಿಯಲ್ಲಿ ಎಳೆತ ಹೆಚ್ಚುತ್ತದಂತೆ” ಎಂದನು. ಏನೂ ತಿಳಿಯದ ನಾವು ಎಲ್ಲ ತಿಳಿದವರಂತೆ ತಲೆಯಾಡಿಸಿದೆವು. ಹದಿನಾಲ್ಕು ಸಾವಿರ ರೂಪಾಯಿಗಳ ಆ ಖರ್ಚಿನಲ್ಲಿ ಆರು ಸಾವಿರ ನಮ್ಮಿಂದಲೇ ಕೈಗಡ ಹೋದದ್ದು. ಆದುದರಿಂದ ಮುಂದೆ ನಡೆದುದರಲ್ಲಿ ನಮ್ಮ ಪಾಲೂ ಉಂಟು.

ಉಪನಗರದ ಒಂದು ಅಂಗಡಿಯವರು ಎರಡು ತಾಸಿನಲ್ಲಿ ಕೆಲಸ ಮುಗಿಸಿಕೊಟ್ಟರು. ಕಪ್ಪು ಪ್ಲಾಸ್ಟಿಕ್ ಡಬ್ಬಿಯಿದ್ದ ಜಾಗದಲ್ಲಿ ಕೆಂಪು ಬಣ್ಣದ ಅಲ್ಯೂಮಿನಿಯಮ್ ಕೊಳವೆ, ಅದರ ತುದಿಗೆ ಅನಾನಸಿನ ಆಕಾರದ ಫಿಲ್ಟರ್. ಇಂಜಿನಿನ ಸದ್ದು ಗಂಭೀರವಾಯಿತು. ಹುಡುಗನು ಹಿಗ್ಗಿದನು. ಎಂಟು ದಿನ ಕಳೆದ ಮೇಲೆ, ರಾತ್ರಿ ಹತ್ತು ಗಂಟೆಗೆ, ಹೆಂಡತಿಯನ್ನೂ ನಾಲ್ಕು ವರ್ಷದ ಮಗುವನ್ನೂ ಕರೆದುಕೊಂಡು ಠಾಣೆಯಿಂದ ಬರುತ್ತಿರುವಾಗ ಮೇಲ್ಸೇತುವೆಯ ಏರಿನಲ್ಲಿ ಇಂಜಿನು ಥಟ್ಟನೆ ನಿಂತುಹೋಯಿತು. ಇಂಜಿನು ನಿಂತ ಮೇಲೆ ಬ್ರೇಕಿಗೆ ದೊರೆಯುವ ಸಹಾಯವು ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ; ಬಳಿಕ ಪೆಡಲು ಕಲ್ಲಿನಂತಾಗುತ್ತದೆ, ಸ್ಟಿಯರಿಂಗೂ ಬಿಗಿಯುತ್ತದೆ. ಹಿಂದೆ ಬರುತ್ತಿದ್ದ ಲಾರಿಯವನು ಎಚ್ಚರದಿಂದಿದ್ದುದರಿಂದ ಕಾರಿಗೂ ಲಾರಿಗೂ ನಡುವೆ ಮೂರು ಮೊಳ ಜಾಗ ಉಳಿಯಿತು.

ಮರುದಿನ ಕಾರನ್ನು ನಮ್ಮ ಪರಿಚಯದ ಒಬ್ಬ ವಯಸ್ಸಾದ ಮಿಸ್ತ್ರಿಯ ಬಳಿಗೆ ಎಳೆಸಿಕೊಂಡು ಹೋದೆವು. ೨೦೨೩ನೇ ಇಸವಿಯ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಗಳ ರಿಪೇರಿಯಲ್ಲಿ ಆಯುಷ್ಯ ಸವೆಸಿದವನಾತ. ಕಾರ್ಬ್ಯುರೇಟರಿನ ಆ ಕಾಲದಲ್ಲಿ ಗಾಳಿಯ ಫಿಲ್ಟರಿನ ಗೊಡವೆ ಇಷ್ಟಿರಲಿಲ್ಲ. ಅದು ಧೂಳು ತಡೆಯುವ ಡಬ್ಬಿ ಮಾತ್ರವಾಗಿತ್ತು. ಈಗಿನ ಗಾಡಿಗಳಲ್ಲಿ ಹಾಗಲ್ಲ. ಮಿಸ್ತ್ರಿಯು ಬಾನೆಟ್ ಎತ್ತಿ ನೋಡಿ, ನಕ್ಕು, ಮೂರು ಕಡೆ ಬೆರಳಿಟ್ಟು ತೋರಿಸಿದನು. ಅದನ್ನು ಹೇಳುವ ಮೊದಲು ಇಂಜಿನಿನ ಉಸಿರಾಟದ ಬಗ್ಗೆ ಸ್ವಲ್ಪ ತಿಳಿಸಬೇಕು.

ಹೋಟೆಲಿನ ಒಲೆಯನ್ನು ಬಲ್ಲವರಿಗೆ ಇದು ಕಷ್ಟವಲ್ಲ. ಗ್ಯಾಸಿನ ಬರ್ನರಿಗೆ ಗಾಳಿ ಕಡಿಮೆಯಾದರೆ ಉರಿ ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಗಾಳಿ ಅತಿಯಾದರೆ ಉರಿ ಬರ್ನರಿನಿಂದ ಮೇಲಕ್ಕೆ ಹಾರಿ ಆರಿಹೋಗುತ್ತದೆ. ಇಂಜಿನಿನ ಒಳಗೂ ಇದೇ ನ್ಯಾಯ. ಪೆಟ್ರೋಲು ಒಂದು ತೂಕವಾದರೆ ಗಾಳಿ ೧೪.೭ ತೂಕ ಇರಬೇಕು. ೧.೨ ಲೀಟರಿನ ಇಂಜಿನು ಮಿನಿಟಿಗೆ ೩,೦೦೦ ಸುತ್ತು ತಿರುಗುವಾಗ, ಬಾಯಿ ಪೂರ್ಣ ತೆರೆದಿದ್ದರೆ, ಮಿನಿಟಿಗೆ ಸುಮಾರು ೧,೮೦೦ ಲೀಟರ್ ಗಾಳಿಯನ್ನು ಸೇದಿಕೊಳ್ಳಬಲ್ಲದು. ಇಷ್ಟು ಗಾಳಿಗೆ ಎಷ್ಟು ಪೆಟ್ರೋಲು ಬಿಡಬೇಕೆಂದು ನಿಶ್ಚಯಿಸುವುದು ಒಂದು ಪುಟ್ಟ ಕಂಪ್ಯೂಟರು. ಗಾಳಿಯ ತೂಕವನ್ನು ಅದಕ್ಕೆ ತಿಳಿಸುವುದು, ಹಲವು ಕಾರುಗಳಲ್ಲಿ, ಕೊಳವೆಯೊಳಗೆ ಕಾದ ತಂತಿಯೊಂದನ್ನು ಇಟ್ಟುಕೊಂಡಿರುವ ಸೆನ್ಸರು. ಹಾದುಹೋಗುವ ಗಾಳಿಯು ತಂತಿಯನ್ನು ಎಷ್ಟು ತಂಪಾಗಿಸುತ್ತದೆ, ಅದನ್ನು ಮತ್ತೆ ಕಾಯಿಸಲು ಎಷ್ಟು ವಿದ್ಯುತ್ತು ಬೇಕು ಎಂಬುದರಿಂದ ಅಂದಾಜು ದೊರೆಯುತ್ತದೆ. ಇಲ್ಲಿ ಸೂಕ್ಷ್ಮವೊಂದಿದೆ. ಆ ಸೆನ್ಸರು ನೋಡುವುದು ತನ್ನ ಎದುರು ಹಾಯುವ ಗಾಳಿಯನ್ನು ಮಾತ್ರ. ಉಳಿದದ್ದನ್ನು ಕಂಪ್ಯೂಟರು ಕೊಳವೆಯ ಅಗಲವನ್ನು ಮೊದಲೇ ತಿಳಿದಿದೆಯೆಂಬ ನಂಬಿಕೆಯ ಮೇಲೆ ಲೆಕ್ಕ ಹಾಕುತ್ತದೆ.

ನಮ್ಮ ಹುಡುಗನ ಕಾರಿನಲ್ಲಿ ಸೆನ್ಸರು ಇದ್ದ ಮೂಲ ಕೊಳವೆಯ ಒಳ ಅಗಲ ೬೦ ಮಿಲಿಮೀಟರು. ಅಂಗಡಿಯವರು ಹಾಕಿದ್ದು, ‘ಎಲ್ಲ ಕಾರುಗಳಿಗೂ ಸಲ್ಲುವ’ ೭೦ ಮಿಲಿಮೀಟರಿನದು. ಹತ್ತು ಮಿಲಿಮೀಟರೆಂದರೆ ಬೆರಳಿನಗಲವೂ ಅಲ್ಲ ಎನಿಸಬಹುದು. ಆದರೆ ವೃತ್ತದ ಕ್ಷೇತ್ರವು ಅಗಲದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದರಿಂದ ಜಾಗವು ನೂರಕ್ಕೆ ೩೬ರಷ್ಟು ಹೆಚ್ಚಿತು. ಅಷ್ಟೇ ಗಾಳಿ ಅಗಲವಾದ ದಾರಿಯಲ್ಲಿ ನಿಧಾನವಾಗಿ ಸಾಗಿತು. ಕಂಪ್ಯೂಟರು ಗಾಳಿಯು ಕಾಲುಭಾಗದಷ್ಟು ಕಡಿಮೆಯಾಯಿತೆಂದು ತಿಳಿದು ಪೆಟ್ರೋಲನ್ನೂ ಕಡಿಮೆ ಮಾಡಿತು. ಹೊಗೆಕೊಳವೆಯಲ್ಲಿರುವ ಇನ್ನೊಂದು ಸೆನ್ಸರು ಈ ತಪ್ಪನ್ನು ಕಂಡು ತಿದ್ದುತ್ತದೆ ನಿಜ. ಆದರೆ ತಿದ್ದುವುದಕ್ಕೂ ಮಿತಿಯುಂಟು. ಮಿತಿ ಮೀರಿದಾಗ ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತುತ್ತದೆ. ಮಿಸ್ತ್ರಿಯ ಮಗನು ಯಂತ್ರ ಚುಚ್ಚಿ ಓದಿದಾಗ ಪಿ ೦೧೭೧ ಎಂಬ ಸಂಖ್ಯೆ ಬಂದಿತು. ಮಿಶ್ರಣದಲ್ಲಿ ಪೆಟ್ರೋಲು ಸಾಲದೆಂಬುದು ಅದರ ಅರ್ಥ. ದೀಪವು ನಾಲ್ಕು ದಿನದಿಂದ ಉರಿಯುತ್ತಲೇ ಇತ್ತಂತೆ. “ಹೊಸದಕ್ಕೆ ಹೊಂದಿಕೊಳ್ಳುತ್ತಿದೆ, ತಾನೇ ಆರುತ್ತದೆ” ಎಂದು ಅಂಗಡಿಯವರು ಫೋನಿನಲ್ಲಿ ಹೇಳಿದ್ದರಂತೆ!

ಎರಡನೆಯ ದೋಷ ಕೊಳವೆಯು ಥ್ರಾಟಲಿನ ಬಾಯಿಗೆ ಕೂಡುವಲ್ಲಿ. ಅಲ್ಲಿಯೂ ಅಳತೆ ತಾಳೆಯಾಗದಿರಲು, ಒಂದು ಅಗಲದಿಂದ ಇನ್ನೊಂದಕ್ಕೆ ಇಳಿಯುವ ರಬ್ಬರಿನ ಜೋಡಣೆ ತರುವುದರ ಬದಲು, ಸೈಕಲಿನ ಹಳೆಯ ಟ್ಯೂಬನ್ನು ಸುತ್ತಿ ಮೇಲಿನಿಂದ ಕ್ಲಿಪ್ಪು ಬಿಗಿದಿದ್ದರು. ನಿಂತ ಕಾರಿನಲ್ಲಿ ಇದು ಭದ್ರವಾಗಿಯೇ ಕಾಣುತ್ತಿತ್ತು. ಆದರೆ ಇಂಜಿನು ರಬ್ಬರಿನ ಮೆತ್ತೆಗಳ ಮೇಲೆ ಕುಳಿತದ್ದು. ವೇಗ ಕೊಟ್ಟಾಗಲೆಲ್ಲ ಮೈ ಹೊರಳಿಸುತ್ತದೆ. ಹೊರಳಿದಾಗ ಸಂದು ಬಿಟ್ಟು, ಸೆನ್ಸರಿನ ಲೆಕ್ಕಕ್ಕೆ ಬಾರದ, ಫಿಲ್ಟರನ್ನೂ ಕಾಣದ ಗಾಳಿ ಧೂಳಿನ ಸಮೇತ ಒಳನುಗ್ಗುತ್ತಿತ್ತು. ಕಾದ ತಂತಿಯ ಸೆನ್ಸರಿಲ್ಲದೆ ಥ್ರಾಟಲಿನ ಆಚೆ ಗಾಳಿಯ ಒತ್ತಡವನ್ನು ಅಳೆಯುವ ಕಾರುಗಳೂ ಇವೆ. ಅವುಗಳಲ್ಲಿ ಇಂತಹ ಸಂದಿನಿಂದ ಪೆಟ್ರೋಲಿನ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ, ಆದರೆ ಧೂಳು ಹೋಗುವುದು ತಪ್ಪುವುದಿಲ್ಲ. ಧೂಳು ಹೋದ ಇಂಜಿನಿನ ಸಿಲಿಂಡರು ಸವೆಯುವುದು ಕಣ್ಣಿಗೆ ಕಾಣದ ನಷ್ಟ.

ಇದನ್ನು ಕಂಡಾಗ ನಮಗೆ ನಮ್ಮ ಹೋಟೆಲಿನ ಅಡಿಗೆಮನೆಯೇ ನೆನಪಾಯಿತು. ಒಮ್ಮೆ ಹೊಗೆ ಎಳೆಯುವ ಹೊಸ ಫ್ಯಾನು ಹಾಕಿಸಿದೆವು. ಒಲೆಗಳ ಮೇಲಿನ ತಗಡಿನ ಕೊಳವೆ ೧೨ ಅಂಗುಲದ್ದು, ಹೊರಗಿನದು ೯ ಅಂಗುಲದ್ದು. ನಡುವೆ ತಗಡು ಮಡಚಿ ಹೇಗೋ ಕೂಡಿಸಿದರು. ೧೨ಕ್ಕೆ ೯ ಎಂದರೆ ಮುಕ್ಕಾಲು ಎಂದು ನಾವು ಲೆಕ್ಕ ಹಾಕಿದ್ದೆವು; ನಿಜವಾಗಿ ದಾರಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಉಳಿದಿತ್ತು. ಒಂದು ತಿಂಗಳು ನಮ್ಮ ಭಟ್ಟರು ಒಗ್ಗರಣೆ ಹಾಕಿದಾಗಲೆಲ್ಲ ಗಿರಾಕಿಗಳು ಕೆಮ್ಮಿದರು. ಆ ಪಾಠವನ್ನು ಹಣ ಕೊಟ್ಟು ಕಲಿತಿದ್ದರೂ ಕಾರಿನ ವಿಷಯದಲ್ಲಿ ಅದು ನೆನಪಿಗೆ ಬರಲಿಲ್ಲವಲ್ಲ!

ಮೂರನೆಯದೇ ಮೇಲ್ಸೇತುವೆಯ ಮೇಲೆ ಗಾಡಿ ನಿಲ್ಲಿಸಿದ್ದು. ಹೊಸ ಕೊಳವೆಯಲ್ಲಿ ಸೆನ್ಸರಿನ ಸ್ಥಾನ ಮೂಲಸ್ಥಾನದಿಂದ ಒಂದು ಗೇಣು ಆಚೆಗಿತ್ತು. ತಂತಿಯನ್ನು ಉದ್ದ ಮಾಡದೆ ಎಳೆದು ಸಿಕ್ಕಿಸಿದ್ದರು. ಇಂಜಿನು ಮೈ ಹೊರಳಿಸಿದಾಗ ತಂತಿ ಜಗ್ಗಿ ಪ್ಲಗ್ಗು ಸಡಿಲವಾಗುತ್ತಾ ಬಂದು, ಆ ರಾತ್ರಿ ಏರಿನಲ್ಲಿ ಪೂರ್ತಿ ಕಳಚಿತ್ತು. ಕೊಳವೆಯನ್ನು ಕಾರಿನ ಮೈಗೆ ಹಿಡಿದಿರಿಸಬೇಕಾದ ರಬ್ಬರಿನ ಬ್ರಾಕೆಟ್ಟು ಪೆಟ್ಟಿಗೆಯಲ್ಲಿಯೇ ಉಳಿದಿತ್ತೆಂದು ಆಮೇಲೆ ತಿಳಿಯಿತು. ಅದಕ್ಕೆ ಸರಿಯಾದ ತೂತು ಈ ಕಾರಿನಲ್ಲಿ ಇರಲಿಲ್ಲವಂತೆ. ಆದುದರಿಂದ ಹಾಕಲೇ ಇಲ್ಲ.

ಇಷ್ಟೆಲ್ಲ ಮಾಡಿ ಪಡೆದ ಲಾಭವಾದರೂ ಏನು? ಕಂಪನಿಯ ಡಬ್ಬಿಯ ಮೂತಿ ಗಾಡಿಯ ಮುಂಭಾಗಕ್ಕಿದ್ದು ಹೊರಗಿನ ತಂಪು ಗಾಳಿಯನ್ನು ತರುತ್ತಿತ್ತು. ಹೊಸ ಫಿಲ್ಟರು ಕುಳಿತದ್ದು ಇಂಜಿನಿನ ಬಿಸಿಯಲ್ಲಿ, ರೇಡಿಯೇಟರಿನ ಹಿಂಬದಿಯಲ್ಲಿ. ಹೊರಗೆ ೩೦ ಡಿಗ್ರಿ ಇದ್ದು ಬಾನೆಟ್ಟಿನ ಒಳಗೆ ೬೦ ಆದರೆ ಗಾಳಿಯು ನೂರಕ್ಕೆ ೯ರಷ್ಟು ತೆಳುವಾಗುತ್ತದೆ. ಅಂದರೆ ಟ್ರಾಫಿಕ್ಕಿನಲ್ಲಿ ತೆವಳುವಾಗ ಇಂಜಿನಿಗೆ ಉಸಿರು ಹೆಚ್ಚಿದ್ದಲ್ಲ, ಕಡಿಮೆಯಾದದ್ದು. ಸದ್ದು ಹೆಚ್ಚಿತೆಂಬುದು ನಿಜ. ಸದ್ದನ್ನು ನುಂಗಲೆಂದು ಕಂಪನಿಯವರು ಇಟ್ಟಿದ್ದ ಪೊಳ್ಳು ಡಬ್ಬಿಯನ್ನು ತೆಗೆದುಹಾಕಿದರೆ ಸದ್ದು ಬಾರದೆ ಇನ್ನೇನು?

ತಂಪು ಗಾಳಿ ಬೇಕೆಂದು ಕೊಳವೆಯನ್ನು ಕೆಳಗಿಳಿಸಿ ಫಿಲ್ಟರನ್ನು ಬಂಪರಿನ ಹಿಂದೆ ಅಡಗಿಸುವ ಇನ್ನೊಂದು ಬಗೆಯುಂಟು. ತಣ್ಣನೆಯ, ಒಣ ಊರುಗಳಲ್ಲಿ ಅದು ಸರಿಯಿರಬಹುದು. ನಮ್ಮ ಮುಂಬಯಿಗೆ ಅದನ್ನು ತರುವವರು ೨೦೦೫ನೇ ಇಸವಿ ಜುಲಾಯಿ ೨೬ನೇ ತಾರೀಖನ್ನು ನೆನೆಯತಕ್ಕದ್ದು. ಅಂದು ಸಾಂತಾಕ್ರೂಜಿನಲ್ಲಿ ಒಂದು ದಿನಕ್ಕೆ ೯೪೪ ಮಿಲಿಮೀಟರ್ ಮಳೆ ಸುರಿಯಿತು. ಅಷ್ಟು ದೂರವೇಕೆ, ಹಿಂದ್ಮಾತಾದಲ್ಲಿಯೋ ಅಂಧೇರಿ ಸಬ್‌ವೇಯಲ್ಲಿಯೋ ಮೊಣಕಾಲುದ್ದ ನೀರು ನಿಲ್ಲುವುದಕ್ಕೆ ಸಾಧಾರಣ ಮಳೆಗಾಲವೇ ಸಾಕು. ಕೆಳಗಿರುವ ಫಿಲ್ಟರು ನೀರಿನಲ್ಲಿ ಮುಳುಗಿದರೆ ಇಂಜಿನು ಗಾಳಿಯ ಬದಲು ನೀರನ್ನು ಸೇದುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಮೇಲೇರಿ ಬರುವ ಪಿಸ್ಟನಿಗೆ ಎಡೆ ಸಿಗದೆ ಅದರ ಕೆಳಗಿನ ಉಕ್ಕಿನ ದಂಡವೇ ಬಾಗುತ್ತದೆ. ಆಮೇಲಿನ ರಿಪೇರಿಯ ಬಿಲ್ಲು ಹಳೆಯ ಕಾರಿನ ಬೆಲೆಯನ್ನೇ ಮುಟ್ಟಬಹುದು. ಇಂಜಿನಿನ ರಕ್ಷಣೆಗೆ ಪ್ರತ್ಯೇಕ ಕಂತು ಕಟ್ಟದಿದ್ದವರಿಗೆ ಸಾಮಾನ್ಯ ವಿಮೆಯಲ್ಲಿ ಇದರ ಹಣ ಬಹುಮಟ್ಟಿಗೆ ದೊರೆಯುವುದಿಲ್ಲ.

ಕಾನೂನಿನ ಮಾತೂ ಇದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೇ ಕಲಮು, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ೨೦೧೯ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡವೋ, ಆರು ತಿಂಗಳವರೆಗಿನ ಸಜೆಯೋ, ಎರಡೂ ಸೇರಿಯೋ ಒಡೆಯನಿಗೆ ಬರಬಹುದು. ದಂಡ ತೆರುವವನು ಕಾರಿನ ಒಡೆಯನೆಂಬುದನ್ನು ಗಮನಿಸಬೇಕು.

ಇಷ್ಟಾದರೂ ಹಾಕಿಸಿಯೇ ತೀರುವೆನೆಂಬ ತರುಣರಿಗೆ, ಮಿಸ್ತ್ರಿಯಿಂದ ನಾವು ಕೇಳಿ ತಿಳಿದುದನ್ನು ಹೇಳಿಬಿಡುತ್ತೇವೆ. ಪೆಟ್ಟಿಗೆಯ ಮೇಲೆ ನಿಮ್ಮ ಕಾರಿನ ಹೆಸರಿದ್ದರೆ ಸಾಲದು. ತಯಾರಾದ ವರ್ಷ, ಇಂಜಿನಿನ ಬಗೆ ಎರಡೂ ತಾಳೆಯಾಗಬೇಕು. ಪರದೇಶದಿಂದ ಬಂದದ್ದಾದರೆ ಇನ್ನೊಂದು ತೊಡಕು. ಅಮೇರಿಕೆಯಲ್ಲಿ ಚಾಲಕನು ಎಡಬದಿಗೆ ಕುಳಿತುಕೊಳ್ಳುತ್ತಾನೆ, ಆದ್ದರಿಂದ ಬ್ರೇಕಿನ ದೊಡ್ಡ ಡಬ್ಬಿಯೂ ಎಡಕ್ಕಿರುತ್ತದೆ. ನಮ್ಮಲ್ಲಿ ಅದು ಬಲಕ್ಕೆ. ಅಲ್ಲಿನ ಕೊಳವೆಯನ್ನು ತಂದು ಇಲ್ಲಿಟ್ಟರೆ ನೇರವಾಗಿ ಅದಕ್ಕೇ ಹೋಗಿ ತಾಗುವುದುಂಟು. ಬಾನೆಟ್ಟಿಗೆ ತಾಗುವುದೋ ಇಲ್ಲವೋ ಎಂದು ನೋಡಲು ಮಿಸ್ತ್ರಿಯ ಉಪಾಯ ನಮಗೆ ಬಹಳ ಹಿಡಿಸಿತು: ಕಲಸಿದ ಚಪಾತಿ ಹಿಟ್ಟಿನ ಉಂಡೆಯನ್ನು ಕೊಳವೆಯ ಎತ್ತರವಾದ ಜಾಗದಲ್ಲಿಟ್ಟು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ ತೆಗೆಯುವುದು. ಉಳಿದ ಹಿಟ್ಟು ಹೆಬ್ಬೆರಳಿನ ದಪ್ಪಕ್ಕಿಂತ ಕಡಿಮೆಯಿದ್ದರೆ ಇಂಜಿನು ಹೊರಳಿದಾಗ ತಗಲುವುದೆಂದೇ ತಿಳಿಯಬೇಕು. ಬಳಿಕ ಒಬ್ಬನು ಒಳಗೆ ಕುಳಿತು ರೇಸ್ ಕೊಡುವಾಗ ಇನ್ನೊಬ್ಬನು ಬದಿಗೆ ನಿಂತು, ಕೊಳವೆ ಯಾವುದಾದರೂ ತಂತಿಗೋ ಬ್ರೇಕಿನ ನಳಿಗೆಗೋ ಉಜ್ಜುತ್ತದೆಯೇ, ‘ಸುಸ್’ ಎಂಬ ಸದ್ದು ಬರುತ್ತದೆಯೇ ನೋಡತಕ್ಕದ್ದು. ಇಂಜಿನಿನ ಒಳಗಿನ ಹೊಗೆಯನ್ನು ಮರಳಿ ಕೊಳವೆಗೆ ತರುವ ಸಣ್ಣ ಹೋಸನ್ನು ಬೋಲ್ಟು ತುರುಕಿ ಮುಚ್ಚಗೊಡಬಾರದು. ಒಳಗೆ ಒತ್ತಡ ಏರಿ ಎಣ್ಣೆಯ ಸೀಲುಗಳು ಒಸರಲಾರಂಭಿಸುತ್ತವೆ. ಎಣ್ಣೆ ಸವರುವ ಬಟ್ಟೆಯ ಫಿಲ್ಟರಾದರೆ ಎಣ್ಣೆ ಅತಿಯಾಗಕೂಡದು. ಅದು ಹಾರಿಹೋಗಿ ಕಾದ ತಂತಿಗೆ ಅಂಟುತ್ತದೆ.

ಎಲ್ಲಕ್ಕೂ ಮಿಗಿಲಾಗಿ, ತೆಗೆದ ಹಳೆಯ ಸಾಮಾನನ್ನು ಅಂಗಡಿಯಲ್ಲಿ ಬಿಟ್ಟುಬರಬೇಡಿ. ನಮ್ಮ ಹುಡುಗನು ಮಾಡಿದ್ದು ಅದನ್ನೇ. ಡಬ್ಬಿಯನ್ನು ಮರಳಿ ಕೇಳಹೋದಾಗ, “ಅದು ಅಂದೇ ಭಂಗಾರಿಗೆ ಹೋಯಿತು” ಎಂಬ ಉತ್ತರ ಬಂದಿತು. ಹಣ ಮರಳಿಸುವ ಮಾತನ್ನಂತೂ ಅವರು ಕೇಳಿಸಿಕೊಳ್ಳಲೇ ಇಲ್ಲ. ಕೊನೆಗೆ ಎರಡು ಭಾನುವಾರ ಕುರ್ಲಾದ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಲೆದು, ಅಪಘಾತದಲ್ಲಿ ಜಜ್ಜಿಹೋದ ಅದೇ ಮಾದರಿಯ ಕಾರಿನಿಂದ ಕಳಚಿದ ಡಬ್ಬಿ, ಕೊಳವೆ, ಪೊಳ್ಳು ಡಬ್ಬಿ ಮೂರನ್ನೂ ಮೂರೂವರೆ ಸಾವಿರಕ್ಕೆ ತಂದೆವು. ಮುನ್ನೂರೈವತ್ತು ರೂಪಾಯಿಯ ಹೊಸ ಕಾಗದದ ಫಿಲ್ಟರು ಹಾಕಿ ಮಿಸ್ತ್ರಿ ಅದನ್ನು ಅರ್ಧ ತಾಸಿನಲ್ಲಿ ಕೂರಿಸಿದನು. ಹಳೆಯ ಫಿಲ್ಟರು ಧೂಳು ತುಂಬಿ ಕಟ್ಟಿದ್ದಿರಬೇಕು, ‘ಉಸಿರು ಸಾಲದು’ ಎಂಬ ಮೂಲ ದೂರಿಗೆ ಅದೇ ಕಾರಣವಿದ್ದೀತು ಎಂದು ಅವನ ಅಭಿಪ್ರಾಯ.

ಚೌತಿಯ ಎರಡು ದಿನ ಮೊದಲು ಬೆಳಗಿನ ಜಾವ ಹೊರಟವರು ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಕುಂದಾಪುರ ಮುಟ್ಟಿದರು. ಕಶೇಡಿಯನ್ನು ಎರಡನೇ ಗೇರಿನಲ್ಲಿ, ಸದ್ದಿಲ್ಲದೆ ಹತ್ತಿದೆವೆಂದು ಅವನು ಫೋನಿನಲ್ಲಿ ಹೇಳಿದನು. ನಮ್ಮ ಆರು ಸಾವಿರದಲ್ಲಿ ನಾಲ್ಕು ಸಾವಿರ ಮರಳಿ ಬಂದಿದೆ. ಉಳಿದುದನ್ನು ನಾವು ಕೇಳಲಿಲ್ಲ. ಕೆಂಪು ಕೊಳವೆ ಅವನ ಖೋಲಿಯ ಅಟ್ಟದ ಮೇಲಿದೆ. ಮಾರಬೇಕೆಂದು ನಾಲ್ಕಾರು ಜನರಿಗೆ ತೋರಿಸಿದ್ದಾನೆ. ಬಂದವರೆಲ್ಲ ತಿರುಗಿಸಿ ನೋಡಿ, “ನಮ್ಮ ಗಾಡಿಗೆ ಕೂರುತ್ತದೆಯೇ?” ಎಂದು ಕೇಳುತ್ತಾರಂತೆ; ಇವನು ಕೂರುವುದಿಲ್ಲವೆಂದು ಹೇಳಿ ಕಳುಹಿಸುತ್ತಾನಂತೆ.